ಮಾತ್ರೆ ಯಂತ್ರಕ್ಕೆ ಎಲ್ಲವನ್ನೂ ತುಂಬಬಹುದೇ?

ಪ್ರಶ್ನೆ: ಅಮ್ಮನಿಗೆ 28 ಖಾನೆಯ, ಅಲಾರಂ ಇರುವ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಬೀಗದ ಯಂತ್ರ ತಂದಿದ್ದೇವೆ. ಎಲ್ಲ ಮಾತ್ರೆಗಳನ್ನೂ ಅದರಲ್ಲೇ ಹಾಕಿಡಬಹುದೇ?

ಉತ್ತರ: ಬೇಡ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅದರ ಬಾಟಲಿಯಲ್ಲೇ, ಕೈಗೆಟುಕುವಂತಿರಲಿ. ಬೀಗದೊಳಗಿದ್ದರೆ ತುರ್ತಿಗೆ ಸಿಗದು. ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೋಯೇಟ್ ತೇವ ಹೀರಿ ಮೆತ್ತಗಾಗುತ್ತದೆ, ಸ್ಟ್ರಿಪ್‌ನಿಂದ ಬಿಡಿಸಿ ತುಂಬಬೇಡಿ. ಥೈರಾಯ್ಡ್ ಮಾತ್ರೆ ಥೈರಾಕ್ಸಿನ್‌ಗೆ ಬೇರೆ ಖಾನೆ, ತಿಂಡಿಗೆ ಅರ್ಧ ಗಂಟೆಯಾದರೂ ಮುಂಚಿನ ಅಲಾರಂ. ದಿನಕ್ಕೆ ನಾಲ್ಕು ಹೊತ್ತಾದರೆ 7 ದಿನಕ್ಕೇ ಖಾಲಿ.

ತುಂಬಿದ ಮೇಲೆ ಮೊದಲ ಖಾನೆ ಯಂತ್ರದ ಬಾಯಿಗೆ ಸರಿಯಾಗಿ ಕೂತಿದೆಯೇ ನೋಡಿ. ಒಂದು ಖಾನೆ ಹಿಂದುಮುಂದಾದರೆ ರಾತ್ರಿಯ ಮಾತ್ರೆ ಬೆಳಗ್ಗೆ ಬೀಳುತ್ತದೆ, ಯಂತ್ರಕ್ಕೇನೂ ಗೊತ್ತಾಗುವುದಿಲ್ಲ, ಪಾಪ! ವೈದ್ಯರು ಡೋಸ್ ಬದಲಿಸಿದ ದಿನವೇ ಉಳಿದ ಖಾನೆಗಳನ್ನೂ ಬರಿದು ಮಾಡಿ ಮತ್ತೆ ತುಂಬಿ.