‘ಅದು ಕೆಟ್ಟ ಜಾಗ’ ಅನ್ನುವ ಮೊದಲು

ಜೈಲಿನಲ್ಲಿರುವವರ ಮಕ್ಕಳಿಗಾಗಿ ಕೆಲಸ ಮಾಡುವವರು ಸಲಹೆ ಕೇಳಲು ನನ್ನ ಬಳಿ ಬರುವುದು ಸಾಮಾನ್ಯವಾಗಿ ಮಗುವಿನ ಸಮಸ್ಯೆ ಹಿಡಿದುಕೊಂಡು. ಮಗು ಊಟ ಬಿಟ್ಟಿದೆ, ಶಾಲೆಯಲ್ಲಿ ಹೊಡೆದಾಡುತ್ತದೆ, ಬಾಯೇ ಬಿಡುವುದಿಲ್ಲ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಇನ್ನೊಂದು ವಿಷಯ ಹೊರಗೆ ಬರುತ್ತದೆ. ಆ ಮಗುವಿನ ಅಪ್ಪನ ಮೇಲೋ ಅಮ್ಮನ ಮೇಲೋ ಇವರಿಗೆ ತಡೆಯಲಾರದ ಸಿಟ್ಟಿರುತ್ತದೆ. ಆ ಸಿಟ್ಟು ಯಾವುದೋ ಒಂದು ಮಾತಿನಲ್ಲಿ ಮಗುವಿನ ಕಿವಿಗೆ ಬಿದ್ದಿರುತ್ತದೆ. ಆಡಿದವರಿಗೆ ಅದು ನೆನಪೂ ಇರುವುದಿಲ್ಲ. ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದನ್ನು ಬರೆಯುತ್ತಿದ್ದೇನೆ.

ಊರು, ಜೈಲು, ಕೇಸು ಯಾವುದನ್ನೂ ಹೇಳುವುದಿಲ್ಲ. ಮಲೆನಾಡಿನಲ್ಲಿ ಯಾವ ಬಸ್ಸು ಹತ್ತಬೇಕು ಅಂತ ಹೇಳಿದರೂ ಸಾಕು, ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ಕಾರ್ಯಕರ್ತೆಯನ್ನು ವಿನುತಾ ಅನ್ನೋಣ, ಮಗುವನ್ನು ಪುಟ್ಟಿ ಅನ್ನೋಣ. ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ವಿನುತಾ ಒಪ್ಪಿದ್ದಾರೆ.

ಪುಟ್ಟಿಗೆ ಎರಡು ವರ್ಷ ತುಂಬುವ ಮೊದಲೇ ಅವಳ ತಾಯಿ ಜೈಲು ಸೇರಿದರು. ಮಗುವೂ ಜೊತೆಗೆ ಹೋಯಿತು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೊರಗೆ ನೋಡಿಕೊಳ್ಳುವವರು ಇಲ್ಲದಿದ್ದರೆ ಆರು ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿ ಇರಬಹುದು. 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನಿಯಮ ಹಾಕಿಕೊಟ್ಟಿತು. ಮಗುವನ್ನು ಕೈದಿಯ ಹಾಗೆ ನೋಡಬಾರದು, ಜೈಲಿನಲ್ಲಿ ಶಿಶುವಿಹಾರ ಇರಬೇಕು, ಹೆರಿಗೆ ಆದರೆ ಜನನ ಪತ್ರದಲ್ಲಿ ಜೈಲು ಅಂತ ಬರೆಯಬಾರದು. ಇವೆಲ್ಲ ಆ ತೀರ್ಪಿನಲ್ಲಿವೆ. ಆರು ತುಂಬಿದ ಮೇಲೆ ಮಗು ಹೊರಗೆ ಬರಲೇಬೇಕು. ಪುಟ್ಟಿ ಹಾಗೆ ಹೊರಗೆ ಬಂದು ತಾಯಿಯ ಅಮ್ಮನ ಮನೆ ಸೇರಿದಳು.

ಅಜ್ಜಿಯ ಮನೆ ಹೇಗಿದೆ ಅಂತ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಒಂಟಿ ಮನೆ. ಪಕ್ಕದ ಮನೆ ಅಂದರೆ ತೋಟ ದಾಟಿ, ಸಂಕ ದಾಟಿ, ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅಜ್ಜಿ ಕೂಲಿಗೆ ಹೋಗುತ್ತಾರೆ. ಅಡಿಕೆ ಸುಲಿಯುವ ಕಾಲ ಬಂತು ಅಂದರೆ ರಾತ್ರಿ ಬರುವುದೂ ತಡವಾಗುತ್ತದೆ.

ವಿನುತಾ ಕೆಲಸದಲ್ಲಿ ಚುರುಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವುದು, ಶಾಲೆಗೆ ಸೇರಿಸುವುದು, ಆಧಾರ್, ಬ್ಯಾಂಕ್ ಖಾತೆ, ಎಲ್ಲ ಮಾಡಿಸಿದ್ದಾರೆ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಹಣ ಬರುವ ಹಾಗೆ ಮಾಡಿದ್ದೂ ಅವರೇ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಓಡಾಡಿ ಇಷ್ಟನ್ನು ಮುಗಿಸಿದವರಿಗೆ ಅದರ ಕಷ್ಟ ಗೊತ್ತು.

ಅವರು ಬಂದಾಗ ಹೇಳಿದ್ದು ಇಷ್ಟು. “ಮೊದಲು ನನ್ನ ಕಂಡ್ರೆ ಗದ್ದೆ ಬದಿಯಿಂದಲೇ ಓಡಿ ಬರ್ತಿದ್ಲು ಮೇಡಂ. ಈಗ ಬ್ಯಾಗು ಕೊಟ್ರೂ ತಗೊಂಡು ಒಳಗೆ ಹೋಗ್ತಾಳೆ. ಕೇಳಿದ್ದಕ್ಕೆ ಹ್ಞೂಂ, ಊಹ್ಞೂಂ ಅಷ್ಟೇ. ಅಮ್ಮನ ಸುದ್ದಿ ಎತ್ತೋದೇ ಇಲ್ಲ. ಮರೆತಿದ್ದಾಳೆ ಅಂತ ಕಾಣ್ತದೆ. ಅದು ಒಳ್ಳೇದೇ. ಆದ್ರೆ ನನ್ನ ಹತ್ರ ಯಾಕೆ ಹಿಂಗೆ?”

ಯಾವಾಗಿನಿಂದ ಅಂತ ಕೇಳಿದೆ. ಮಳೆಗಾಲದಿಂದ ಅಂದರು. ಆಗ ಏನಾಯಿತು ಅಂದಾಗ ಏನೂ ಇಲ್ಲ ಅಂದರು. ಆಮೇಲೆ ಮಾತಿನ ನಡುವೆ, ಜೈಲು ಮಗುವಿನ ತಲೆ ಎಷ್ಟು ಕೆಡಿಸಿದೆ ನೋಡಿ ಅನ್ನುವುದಕ್ಕೆ ಉದಾಹರಣೆಯಾಗಿ, ಒಂದು ಘಟನೆ ಹೇಳಿದರು.

ಆವತ್ತು ಜೋರು ಮಳೆ. ಹೊರಡುವಾಗ ಪುಟ್ಟಿ ವಿನುತಾ ಅವರ ಸೆರಗು ಹಿಡಿದು “ಅಕ್ಕಾ, ನನ್ನ ಮನೆಗೆ ಬಿಟ್ಟು ಹೋಗಿ” ಅಂದಳಂತೆ.

“ಇದೇ ನಿನ್ ಮನೆ ಅಲ್ವಾ?”

“ಇದಲ್ಲ. ಅಮ್ಮನ ಮನೆ. ಎಲ್ಲರೂ ಇರ್ತಾರಲ್ಲ, ಅದು.”

ವಿನುತಾಗೆ ಮೈ ಜುಂ ಅಂತು. “ಅದು ಮನೆ ಅಲ್ಲ ಕಣೇ. ಅದು ಕೆಟ್ಟ ಜಾಗ. ತಪ್ಪು ಮಾಡಿದೋರನ್ನ ಇಡೋದು ಅಲ್ಲಿ” ಅಂದುಬಿಟ್ಟರು.

ಪುಟ್ಟಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳಂತೆ, “ಬಿಸ್ಕತ್ ಅಜ್ಜಿನೂ ಕೆಟ್ಟೋಳಾ?”

“ಇರಬಹುದು.”

ನಾನು ಅಲ್ಲಿ ಅವರನ್ನು ನಿಲ್ಲಿಸಿದೆ. ಬಿಸ್ಕತ್ ಅಜ್ಜಿ ಯಾರು ಅಂತ ಕೇಳಿದೆ.

“ಗೊತ್ತಿಲ್ಲ ಮೇಡಂ. ಒಳಗಿದ್ದ ಯಾರೋ ಇರಬೇಕು.”

“ಪುಟ್ಟಿನ ಕೇಳಲಿಲ್ವಾ?”

“ಯಾಕೆ ಕೇಳಬೇಕು? ಅದೆಲ್ಲ ಮರೀಲಿ ಅಂತಾನೇ ಅಲ್ವಾ ನಾವು ಇಷ್ಟೆಲ್ಲ ಮಾಡ್ತಿರೋದು?”

ಆ ದಿನದ ಉಳಿದ ಸಮಯ ಪೂರ್ತಿ ಈ ಮಾತಿನ ಮೇಲೇ ಹೋಯಿತು. ಮಗುವಿನ ಎರಡರಿಂದ ಆರನೇ ವರ್ಷದೊಳಗೆ ಏನೇನು ಆಗುತ್ತದೆ ಅಂತ ನಾನು ವಿನುತಾರನ್ನೇ ಕೇಳುತ್ತಾ ಹೋದೆ. ಅವರಿಗೂ ಒಬ್ಬ ಮಗ ಇದ್ದಾನೆ. ಮಾತು ಕಲಿಯುವುದು, ಕೈಯಲ್ಲಿ ಊಟ ಮಾಡುವುದು, ಜ್ವರ ಬಂದಾಗ ತೊಡೆ ಮೇಲೆ ಮಲಗುವುದು, ಒಬ್ಬರ ಮೇಲೆ ಮುನಿಸಿಕೊಂಡು ಇನ್ನೊಬ್ಬರ ಹತ್ತಿರ ಓಡುವುದು. ಅವರೇ ಒಂದೊಂದಾಗಿ ಹೇಳಿದರು. ಪುಟ್ಟಿಗೆ ಇವೆಲ್ಲ ಎಲ್ಲಿ ಆಯಿತು ಅಂದೆ. ಉತ್ತರ ಬರಲಿಲ್ಲ. ಅವಳ ತಾಯಿ ತಾಯಿಯ ಹಾಗೆ ಇದ್ದದ್ದು ಅಂತ ಒಂದು ಜಾಗ ಇದ್ದರೆ ಅದು ಆ ಬ್ಯಾರಕ್ಕು. ಅದನ್ನು ಪೂರ್ತಿ ಕೆಟ್ಟದ್ದು ಅಂದರೆ ಮಗುವಿನ ಕೈಯಲ್ಲಿ ಅಮ್ಮನದು ಅಂತ ಏನು ಉಳಿಯುತ್ತದೆ?

ವಿನುತಾಗೆ ಸಿಟ್ಟು ಬಂತು. “ಹಾಗಾದ್ರೆ ಜೈಲು ಒಳ್ಳೇದು ಅನ್ನಬೇಕಾ ನಾನು?”

ಈ ಪ್ರಶ್ನೆಯನ್ನು ಬೇರೆಯವರೂ ನನಗೆ ಕೇಳಿದ್ದಾರೆ. ಒಂದು ತರಬೇತಿಯಲ್ಲಿ ಹಿರಿಯರೊಬ್ಬರು “ನೀವು ಜೈಲಿಗೆ ತೋರಣ ಕಟ್ಟುತ್ತೀರಿ” ಅಂತ ಎದುರಿಗೇ ಅಂದರು. ಇಲ್ಲ. ಜೈಲು ಮಗು ಬೆಳೆಯುವ ಜಾಗ ಅಲ್ಲ. ಹಾಗೆ ಬೆಳೆದ ಮಕ್ಕಳು ರಸ್ತೆಯಲ್ಲಿ ಪ್ರಾಣಿಗಳನ್ನು ಕಂಡರೂ ಹೆದರುತ್ತಾರೆ ಅನ್ನುವ ಅಧ್ಯಯನದ ಮಾತು ಅದೇ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದೆ. ಪುಟ್ಟಿಗೂ ದನ ಅಂದರೆ ಇವತ್ತಿಗೂ ಭಯ. ಜೈಲು ಹೇಗಿರಬೇಕು ಅಂತ ದೊಡ್ಡವರು ದೊಡ್ಡವರ ಹತ್ತಿರ ವಾದ ಮಾಡಲಿ, ಕೋರ್ಟಿಗೆ ಹೋಗಲಿ. ಎಂಟು ವರ್ಷದ ಹುಡುಗಿಯ ನೆನಪಿನ ಮೇಲೆ ಆ ವಾದ ನಡೆಸುವುದು ಬೇಡ. ನನ್ನ ತಕರಾರು ಅಷ್ಟೇ.

ಇನ್ನೊಂದು ವಿಷಯವನ್ನೂ ವಿನುತಾಗೆ ಹೇಳಿದೆ. ‘ತಪ್ಪು ಮಾಡಿದೋರು’ ಅನ್ನುವುದು ಲೆಕ್ಕಕ್ಕೂ ಸರಿಯಿಲ್ಲ. ಪುಟ್ಟಿಯ ತಾಯಿ ವಿಚಾರಣಾಧೀನ ಕೈದಿ, ತೀರ್ಪು ಬಂದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ತೆಗೆದು ನೋಡಿದರೆ ದೇಶದ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಿಚಾರಣಾಧೀನರೇ. ನಾಳೆ ಆಕೆ ಖುಲಾಸೆ ಆಗಿ ಬಂದರೆ ಮಗುವಿಗೆ ಏನಂತ ಹೇಳುತ್ತೀರಿ?

“ಆ ಹೆಂಗಸು ಮಗೂನ ನೆನೆಸಿಕೊಂಡಿದ್ರೆ ಹಂಗೆ ಮಾಡ್ತಿದ್ಲಾ ಮೇಡಂ?” ಅಂದರು ವಿನುತಾ. ಕಣ್ಣಲ್ಲಿ ನೀರಿತ್ತು. ಇಷ್ಟು ಹೊತ್ತು ಮಗುವಿನ ಸಮಸ್ಯೆ ಅಂತ ಮಾತಾಡುತ್ತಿದ್ದವರು ಈಗ ತಮ್ಮದನ್ನು ಆಡಿದರು. ಕಾಗದ ಹಿಡಿದು ಅಲೆದವರು ಇವರು. ಮಗುವಿಗೆ ಬೇಕಾಗಿರುವುದು ಆ ತಾಯಿ. ಹೊಟ್ಟೆ ಉರಿಯದೆ ಇರುತ್ತದಾ? ಈ ಸಿಟ್ಟು ಇರಬಾರದು ಅಂತ ನಾನು ಯಾವ ಕಾರ್ಯಕರ್ತರಿಗೂ ಹೇಳುವುದಿಲ್ಲ. ಅದನ್ನು ಇಳಿಸಲು ಒಂದು ಜಾಗ ಇಟ್ಟುಕೊಳ್ಳಿ ಅನ್ನುತ್ತೇನೆ. ಸಹೋದ್ಯೋಗಿಯ ಹತ್ತಿರ ಹೇಳಿ, ನನ್ನ ಹತ್ತಿರ ಬನ್ನಿ, ಡೈರಿಯಲ್ಲಿ ಬೈದು ಬರೆಯಿರಿ. ಮಗುವಿನ ಮನೆಯ ಜಗಲಿ ಹತ್ತುವಾಗ ಅದು ಜೊತೆಗೆ ಬರುವುದು ಬೇಡ.

ಸಲಹೆ ಹೆಚ್ಚೇನೂ ಇರಲಿಲ್ಲ. ಮುಂದಿನ ಸಲ ಹೋದಾಗ ಪುಟ್ಟಿಗೆ ಇಷ್ಟು ಹೇಳಿ ಅಂದೆ: “ಆವತ್ತು ನಾನು ಅದು ಕೆಟ್ಟ ಜಾಗ ಅಂದೆ. ನಾನು ಅಲ್ಲಿ ಇದ್ದವಳಲ್ಲ, ನೀನು ಇದ್ದವಳು. ಬಿಸ್ಕತ್ ಅಜ್ಜಿ ಯಾರು ಅಂತ ನನಗೆ ಹೇಳ್ತೀಯಾ?” ಅಷ್ಟೇ. ವಿವರಣೆ ಬೇಡ, ಬುದ್ಧಿಮಾತು ಬೇಡ, ಸಾರಿ ಅಂತ ಅಳುವುದೂ ಬೇಡ. ಮಗು ಉತ್ತರ ಕೊಡದಿದ್ದರೆ ಮತ್ತೆ ಕೇಳಬೇಡಿ ಅಂದೆ. ಮಕ್ಕಳು ಒಮ್ಮೆ ಬಾಗಿಲು ಹಾಕಿದ ವಿಷಯವನ್ನು ನಾವು ಕೇಳಿದ ದಿನವೇ ತೆರೆಯುವುದಿಲ್ಲ.

ಪುಟ್ಟಿ ಆವತ್ತು ಏನೂ ಹೇಳಲಿಲ್ಲ. ಅದರ ಮುಂದಿನ ಭೇಟಿಯಲ್ಲಿ ತಾನಾಗಿಯೇ ಶುರು ಮಾಡಿದಳಂತೆ. ಆ ಅಜ್ಜಿ ಕ್ಯಾಂಟೀನಿನಿಂದ ಬಿಸ್ಕತ್ ತಂದರೆ ಒಂದನ್ನು ಮುರಿದು ಅರ್ಧ ಮಾತ್ರ ಕೊಡುತ್ತಿದ್ದರು, ಪೂರ್ತಿ ಕೊಡುತ್ತಿರಲಿಲ್ಲ, ಕಂಜೂಸು. ರಾತ್ರಿ ಗೊರಕೆ ಹೊಡೆಯುತ್ತಿದ್ದರು. ಸಂಜೆ ಕೈದಿಗಳ ತಲೆ ಲೆಕ್ಕ ಹಾಕಿ ಬೀಗ ಹಾಕಿದ ಮೇಲೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು, ಯಾರಾದರೂ ಹಾಡುತ್ತಿದ್ದರು. ಬೈಗುಳ, ಜಗಳ, ಕೂದಲು ಹಿಡಿದು ಎಳೆದಾಡಿದ್ದು, ಅದನ್ನೂ ಹೇಳಿದಳು. ನಾವು ಬಾಯಿ ಮುಚ್ಚಿಸಿದರೆ ಒಳ್ಳೆಯದರ ಜೊತೆ ಈ ಹೆದರಿಕೆಗಳೂ ಒಳಗೇ ಉಳಿಯುತ್ತವೆ. ಇದನ್ನು ಕಾರ್ಯಕರ್ತರು ಗಮನಿಸಬೇಕು.

ಇದರಿಂದ ಒಂದು ಕೆಲಸದ ವಿಷಯ ಗೊತ್ತಾಯಿತು. ಪುಟ್ಟಿಗೆ ಕಷ್ಟವಾಗುತ್ತಿದ್ದದ್ದು ಸಂಜೆ. ಅಲ್ಲಿ ಬೀಗ ಬೀಳುವ ಹೊತ್ತಿಗೆ ಸುತ್ತ ಜನ ತುಂಬಿರುತ್ತಿದ್ದರು. ಇಲ್ಲಿ ಅದೇ ಹೊತ್ತಿಗೆ ಕತ್ತಲೆ, ಮಳೆ, ಒಬ್ಬಳೇ. ಜೈಲಿನ ಹಂಬಲ ಅಂತ ನಾವು ಹೆದರಿದ್ದು ಹೆಚ್ಚಾಗಿ ಜನರ ಹಂಬಲ. ಅದಕ್ಕೆ ಮದ್ದು ಬೇಕಿರಲಿಲ್ಲ. ಶಾಲೆ ಬಿಟ್ಟ ಮೇಲೆ ಗುಡ್ಡದಾಚೆಯ ಮನೆಯಲ್ಲಿ, ಅಲ್ಲಿನ ಮಕ್ಕಳ ಜೊತೆ ಇದ್ದು, ಅಜ್ಜಿ ಬಂದ ಮೇಲೆ ಒಟ್ಟಿಗೆ ಮನೆಗೆ ಹೋಗುವ ಏರ್ಪಾಡು ಆಯಿತು. ಆ ಮನೆಯವರು ಯಾವ ಮಾತೂ ಕೇಳದೆ ಒಪ್ಪಿದರು. ಅಲ್ಲಿ ನಂಬಿಕೆಯ ಹೆಂಗಸರು ಇದ್ದಾರಾ, ಮಗು ಎಲ್ಲಿ ಕೂರುತ್ತದೆ, ಯಾರು ಬಂದು ಹೋಗುತ್ತಾರೆ ಅಂತ ಮೊದಲೇ ನೋಡಿಕೊಂಡೆವು. ಇದನ್ನು ಬಿಡಬಾರದು. ಏನೇ ಅನುಮಾನ ಬಂದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಪುಟ್ಟಿಗೂ ಬಾಯಿಪಾಠ ಮಾಡಿಸಿದ್ದಾರೆ.

ಅಮ್ಮನ ಭೇಟಿಯ ವಿಷಯ ಇನ್ನೂ ಸರಿಹೋಗಿಲ್ಲ. ಸರ್ಕಾರಿ ಮಕ್ಕಳ ನಿಲಯದಲ್ಲಿರುವ ಮಗುವನ್ನು ವಾರಕ್ಕೊಮ್ಮೆಯಾದರೂ ತಾಯಿಯ ಹತ್ತಿರ ಕರೆದೊಯ್ಯಬೇಕು ಅಂತ ಸುಪ್ರೀಂ ಕೋರ್ಟಿನ ಆ ತೀರ್ಪು ಹೇಳುತ್ತದೆ. ಅಜ್ಜಿ ಮನೆಯಲ್ಲಿರುವ ಮಗುವನ್ನು ಯಾರು ಕರೆದೊಯ್ಯಬೇಕು? ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ. ನಮ್ಮ ಒಳಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಜ್ಜಿಗೆ ಟಿಕೆಟ್ ದುಡ್ಡು ಹೋಗುತ್ತದೆ, ಒಂದು ದಿನದ ಕೂಲಿಯೂ ಹೋಗುತ್ತದೆ. ಇ-ಮುಲಾಖಾತ್ ಅಂತ ವಿಡಿಯೊ ಭೇಟಿ ಇದೆ, ಆದರೆ ಆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮೇಲಿನ ರಸ್ತೆಗೆ ಬಂದು, ಹೋಗಿ ಬರುವವರ ಎದುರು ನಿಂತು ಮಾತಾಡಬೇಕು. ಅಜ್ಜಿ ಅದಕ್ಕೆ ಸುತಾರಾಂ ಒಪ್ಪಲಿಲ್ಲ. “ಊರವರ ಬಾಯಿಗೆ ಎಂತಕ್ಕೆ ಬೀಳಬೇಕು ಹೇಳಿ” ಅಂದರಂತೆ. ಮಗಳು ಮಂಗಳೂರಲ್ಲಿ ಕೆಲಸಕ್ಕಿದ್ದಾಳೆ ಅಂತ ಅವರು ಊರಿಗೆ ಹೇಳಿಕೊಂಡು ಬಂದಿದ್ದಾರೆ.

ಆ ಸುಳ್ಳನ್ನು ಬಿಡಿಸಿ ಅಂತ ನಾನು ವಿನುತಾಗೆ ಹೇಳಲಿಲ್ಲ. ಇದಕ್ಕೆ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಮಗುವಿಗೆ ಸುಳ್ಳು ಹೇಳಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಊರಿಗೆಲ್ಲ ನಿಜ ಹೇಳಬೇಕು ಅನ್ನುವ ಸಾಲ ಆ ಮುದುಕಿಗೆ ಇಲ್ಲ. ನಾಳೆ ಅಡಿಕೆ ಸುಲಿಯುವ ಅಂಗಳದಲ್ಲಿ ಕೂರಬೇಕಾದವರು ಅವರು. ಪುಟ್ಟಿಗೆ ಶಾಲೆಯಲ್ಲಿ ಕೇಳಿದರೆ ಹೇಳಲು ಒಂದು ಮಾತು ಕೊಟ್ಟಿದ್ದೇವೆ: “ಅಮ್ಮ ದೂರ ಇದ್ದಾರೆ. ಅದು ನಮ್ಮ ಮನೆ ವಿಷಯ.” ಎರಡೂ ನಿಜ.

ಕೆಲವು ಸಂಸ್ಥೆಗಳು ಇಂಥ ಮಕ್ಕಳಿಗೆ ಬ್ಯಾಗು ಕೊಟ್ಟು ಫೋಟೊ ತೆಗೆದು ವರದಿಗೆ, ವಾಟ್ಸಾಪಿಗೆ ಹಾಕುತ್ತವೆ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಓದಿ ಅಂತ ಅವರಿಗೆ ಹೇಳಬೇಕಾಗಿದೆ. ಮಗುವಿನ ಗುರುತು ಹೊರಗೆ ಹಾಕುವುದು ಅಪರಾಧ. ಅಜ್ಜಿ ಇಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಒಂದು ಫೋಟೊ ಬಿಚ್ಚಿಬಿಡುತ್ತದೆ.

ಈಗ ಎರಡು ತಿಂಗಳಿಗೊಮ್ಮೆ ಅಜ್ಜಿ, ಮೊಮ್ಮಗಳು ಮುಲಾಖಾತಿಗೆ ಹೋಗುವುದು ಅಂತಾಗಿದೆ. ಖರ್ಚನ್ನು ವಿನುತಾ ಅವರ ಸಂಸ್ಥೆ ನೋಡಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಅಂತ ಮಗುವಿಗೆ ಮಾತು ಕೊಡೋಣ ಅಂತ ವಿನುತಾ ಹೊರಟಿದ್ದರು, ನಾನು ತಡೆದೆ. ಅಮ್ಮ ಬರುವುದು ಯಾವಾಗ ಅಂತ ಹೇಳಲು ಯಾರ ಕೈಯಲ್ಲೂ ಆಗದ ಮಗುವಿಗೆ ನಾವಾದರೂ ತಪ್ಪದೆ ನಡೆಸಬಲ್ಲ ದಿನವನ್ನೇ ಹೇಳಬೇಕು. ಒಳಗೆ ತಾವೂ ಹೋಗಬೇಕಾ ಅಂತ ವಿನುತಾ ಕೇಳಿದರು. ಬೇಡ, ಗೇಟಿನವರೆಗೆ ಸಾಕು, ಆ ಸಮಯ ಅವರದ್ದು ಅಂದೆ. ಅವರಿಗೆ ಇದು ಇನ್ನೂ ಒಪ್ಪಿಗೆ ಆಗಿಲ್ಲ. “ಅವಳು ಮಗು ತಲೆಗೆ ಏನೇನು ತುಂಬ್ತಾಳೋ” ಅನ್ನುವ ಅನುಮಾನ ಇದೆ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡಬೇಕು ಅಂತ ಇಬ್ಬರೂ ಬರೆದಿಟ್ಟುಕೊಂಡಿದ್ದೇವೆ.