ಕೆಲಸ, ಸಂಬಳ, ನೇಮಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ತಿಂಡಿ ಪ್ಯಾಕಿಂಗ್ ಘಟಕವಿದೆ. 24 ಜನ ಕೆಲಸಕ್ಕಿದ್ದಾರೆ. ಹೊಸಬರು ಮೊದಲ ಸಂಬಳ ತೆಗೆದುಕೊಂಡವರು ಮತ್ತೆ ಮುಖ ತೋರಿಸುವುದಿಲ್ಲ. ಸಂಬಳ ಏರಿಸಿಯೂ ನೋಡಿದೆವು. ಎಲ್ಲಿ ತಪ್ಪುತ್ತಿದ್ದೇವೆ?

ಮೊದಲು ಬಿಟ್ಟುಹೋದವರ ಪಟ್ಟಿ ಮಾಡಿ. ಒಂದು ವರ್ಷದಲ್ಲಿ ಹೋದ ಪ್ರತಿಯೊಬ್ಬರ ಹೆಸರಿನ ಮುಂದೆ ಸೇರಿದ ದಿನ, ಬಿಟ್ಟ ದಿನ, ಯಾವ ಶಿಫ್ಟು, ಯಾವ ಸೂಪರ್‌ವೈಸರ್ ಎಂದು ಬರೆಯಿರಿ. ವರ್ಷ ಕಳೆದವರು ಹೋಗುತ್ತಿದ್ದರೆ ಮೇಲ್ವಿಚಾರಣೆಯಲ್ಲೋ ಬಡ್ತಿಯಲ್ಲೋ ದೋಷವಿರುತ್ತದೆ. ತಿಂಗಳೊಳಗೇ ಹೋಗುತ್ತಿದ್ದರೆ ಕರೆದುಕೊಂಡ ರೀತಿಯಲ್ಲೇ ದೋಷವಿದೆ. ನಿಮ್ಮದು ಎರಡನೆಯದು.

ಅದರಲ್ಲೂ ಮೊದಲ ಸಂಬಳದ ದಿನವೇ ಬಿಡುತ್ತಾರೆ ಎಂದಾಗ ನಮಗೆ ಅನುಮಾನ ಬರುವುದು ಹೇಳಿದ ಮೊತ್ತಕ್ಕೂ ಕೊಟ್ಟ ಮೊತ್ತಕ್ಕೂ ಇರುವ ಅಂತರದ ಮೇಲೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಎಂದುಕೊಳ್ಳಿ. 20 ಜನ ದಾಟಿದ ಘಟಕವಾದ್ದರಿಂದ ಪಿಎಫ್ (ಭವಿಷ್ಯನಿಧಿ) ಇದೆ: ಶೇ 12, ಅಂದರೆ 1,800. ಇಎಸ್‌ಐ (ನೌಕರರ ವಿಮೆ) ಶೇ 0.75, ಅಂದರೆ 113. ಕೈಗೆ ಸಿಗುವುದು 13,087. ಇದನ್ನು ಸೇರುವ ದಿನ ಯಾರೂ ಹೇಳದಿದ್ದರೆ, ಸುಮಾರು 1,900 ರೂಪಾಯಿ ಮಾಲೀಕರು ನುಂಗಿದರು ಎಂದೇ ಆ ಹುಡುಗ ತಿಳಿಯುತ್ತಾನೆ. ಅವನು ಹಾಗೆ ತಿಳಿದರೆ ತಪ್ಪು ಅವನದಲ್ಲ. ಪಿಎಫ್‌ಗೆ ನೀವೂ ಅಷ್ಟೇ ಹಣ ಹಾಕುತ್ತೀರಿ, ಇಎಸ್‌ಐಗೆ ನಿಮ್ಮ ಪಾಲು ಶೇ 3.25, ಆ ಕಾರ್ಡಿನಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಸಂದರ್ಶನದ ದಿನವೇ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ.

ಬಾಯಲ್ಲಿ ಹೇಳುವ ಬದಲು ನೇಮಕ ಪತ್ರ ಕೊಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ಕಡ್ಡಾಯವೂ ಹೌದು. ಪತ್ರ ಕನ್ನಡದಲ್ಲಿರಲಿ. ಕೆಲಸ ಏನು, ಪಾಳಿಯ ಹೊತ್ತು, ವಾರದ ರಜೆ, ಸಂಬಳದ ವಿವರ, ಓಟಿ ಅಂದರೆ ಹೆಚ್ಚುವರಿ ಹೊತ್ತಿನ ಕೆಲಸದ ಲೆಕ್ಕ (ಮಾಮೂಲಿ ದರದ ಎರಡರಷ್ಟು), ಪ್ರೊಬೇಷನ್ ಎಷ್ಟು ತಿಂಗಳು, ಬಿಡುವಾಗ ಎಷ್ಟು ದಿನದ ನೋಟಿಸ್ ಎಂಬುದೆಲ್ಲ ಅದರಲ್ಲಿ ಬರಲಿ. ಭತ್ಯೆಗಳನ್ನೇ ಉಬ್ಬಿಸಿ ಮೂಲ ವೇತನ ಕುಗ್ಗಿಸುವ ಹಳೇ ಅಭ್ಯಾಸವಿದ್ದರೆ ಬಿಡಿ. ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನವೆಂದೇ ಎಣಿಸಬೇಕು.

ಇನ್ನು ಮೊದಲ ವಾರ. ಬಂದವರನ್ನು ನೇರವಾಗಿ ಸೀಲಿಂಗ್ ಮಷೀನಿನ ಮುಂದೆ ನಿಲ್ಲಿಸಿ, ಪ್ಯಾಕೆಟ್ ಕೆಟ್ಟಾಗ ಬೈದರೆ ಯಾರೂ ಉಳಿಯುವುದಿಲ್ಲ. ಕೆಲಸ ಬಲ್ಲ ಒಬ್ಬ ಹಳಬರ ಜೊತೆ ಆರು ದಿನ ಬಿಡಿ. ಟಾರ್ಗೆಟ್ ಮೊದಲ ವಾರ ಬೇಡ, ಎರಡನೇ ವಾರ ಅರ್ಧ ಸಾಕು. 7ನೇ ದಿನ, 30ನೇ ದಿನ ಹತ್ತು ನಿಮಿಷ ಕೂರಿಸಿ ಕೇಳಿ: ಬಸ್ಸು ಸಿಗುತ್ತಿದೆಯೇ, ಊಟಕ್ಕೆ ಜಾಗವಿದೆಯೇ, ಶೌಚಾಲಯ ಸರಿಯಿದೆಯೇ? ನಂಜನಗೂಡು ಕಡೆಯಿಂದ ಬರುವವರಿಗೆ ಕೊನೆಯ ಬಸ್ಸು ತಪ್ಪುವ ಪಾಳಿ ಹಾಕಿದ್ದರೆ ಎಷ್ಟು ಸಂಬಳ ಏರಿಸಿದರೂ ಅವರು ನಿಲ್ಲುವುದಿಲ್ಲ.

ಪ್ರಶ್ನೆ: ಮದ್ದೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ 7 ವರ್ಷ 8 ತಿಂಗಳು ಕೆಲಸ ಮಾಡಿ ಬಿಟ್ಟಿದ್ದೇನೆ. ಗ್ರಾಚ್ಯುಟಿ ಎಷ್ಟು ಬರುತ್ತದೆ? ಪಿಎಫ್ ಪೂರ್ತಿ ತೆಗೆಯಬಹುದೇ?

ಗ್ರಾಚ್ಯುಟಿ ಎಂದರೆ ದುಡಿದ ವರ್ಷಗಳಿಗಾಗಿ ಬಿಡುವಾಗ ಮಾಲೀಕರು ಕೊಡುವ ಹಣ. ಆರು ತಿಂಗಳು ದಾಟಿದ್ದರಿಂದ ನಿಮ್ಮ ಸೇವೆ 8 ವರ್ಷವೆಂದೇ ಲೆಕ್ಕ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ 8ರಿಂದಲೂ ಗುಣಿಸಿ. 15,600 ಇದ್ದರೆ 72,000 ರೂಪಾಯಿ. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ.

ಪಿಎಫ್ ತೆಗೆಯಲು ಅವಸರ ಬೇಡ. ಪಿಎಫ್ ಜೊತೆಗೇ ಇರುವ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ದುಡಿದ ವರ್ಷಗಳ ಎಣಿಕೆ ಅಲ್ಲಿಗೆ ಮುಗಿಯಿತು. ಬೇರೆ ಕಡೆ ಸೇರುವಾಗ ಹಳೇ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಅನ್ನೇ ಕೊಟ್ಟು ಖಾತೆ ವರ್ಗಾಯಿಸಿಕೊಳ್ಳಿ. ಹಳೇ ಕಡೆಯವರು ಬಿಟ್ಟ ದಿನಾಂಕ ತುಂಬದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ಬಳಿಕ ನೀವೇ ಆನ್‌ಲೈನ್‌ನಲ್ಲಿ ತುಂಬಬಹುದು.

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮ ಅಕ್ಕಿ ಗಿರಣಿ. ಮೂರು ವರ್ಷದಿಂದ ಇರುವ ಆಳೊಬ್ಬರು ನಾಟಿ ಎಂದು ಹೇಳದೆ ಕೇಳದೆ 11 ದಿನ ಬರಲಿಲ್ಲ. ಮೇಸ್ತ್ರಿ "ಇನ್ನು ಬರಬೇಡ" ಎಂದುಬಿಟ್ಟಿದ್ದಾರೆ. ತೊಂದರೆಯಾಗುತ್ತದೆಯೇ?

ಆಗುತ್ತದೆ. ವರ್ಷದಲ್ಲಿ 240 ದಿನ ದುಡಿದವರನ್ನು ಬಾಯಿಮಾತಿನಲ್ಲಿ ತೆಗೆಯಲು ಬರುವುದಿಲ್ಲ. ಅವರು ಕೇಸು ಹಾಕಿದರೆ ಹಿಂಬಾಕಿ ಸಂಬಳದೊಂದಿಗೆ ಮತ್ತೆ ಸೇರಿಸಿಕೊಳ್ಳಿ ಎಂಬ ಆದೇಶ ಬರಬಹುದು.

ಮೇಸ್ತ್ರಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಕೆಲಸಕ್ಕೆ ಹಾಜರಾಗಿ ಗೈರಿನ ಕಾರಣ ತಿಳಿಸಿ ಎಂದು ಅವರ ಮನೆ ವಿಳಾಸಕ್ಕೆ ಇವತ್ತೇ ಕನ್ನಡದಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಜೋಪಾನ. ಬಂದು ಕಾರಣ ಹೇಳಿದರೆ ಎಚ್ಚರಿಕೆ ಪತ್ರ ಸಾಕು. ಮೂರು ವರ್ಷದ ಸೇವೆಗೆ 11 ದಿನದ ಗೈರಿಗಾಗಿ ಕೆಲಸದಿಂದಲೇ ತೆಗೆಯುವುದು ಅತಿಯಾದ ಶಿಕ್ಷೆ. ಇದೇ ತಪ್ಪು ಮರುಕಳಿಸಿದರೆ ಮಾತ್ರ ಆರೋಪ ಪಟ್ಟಿ ಕೊಡಿ. ಅದರಲ್ಲಿ "ನಡತೆ ಸರಿಯಿಲ್ಲ" ಎಂದು ಬರೆದರೆ ನಿಲ್ಲುವುದಿಲ್ಲ, ಯಾವ ದಿನದಿಂದ ಯಾವ ದಿನದವರೆಗೆ ಬಂದಿಲ್ಲ ಎಂಬುದೇ ಬೇಕು. ಉತ್ತರಕ್ಕೆ ಒಂದು ವಾರವಾದರೂ ಕೊಡಿ. ವಿಚಾರಣೆ ನಡೆಸುವವರು ಮೇಸ್ತ್ರಿಯಾಗಬಾರದು. ದೂರು ಕೊಟ್ಟವರೇ ತೀರ್ಪೂ ಕೊಟ್ಟರೆ ಇಡೀ ವಿಚಾರಣೆ ಬಿದ್ದುಹೋಗುತ್ತದೆ. ಆಳಿಗೆ ಜೊತೆಗಾರರೊಬ್ಬರನ್ನು ಕರೆತರಲು, ಸಾಕ್ಷಿಗಳನ್ನು ಪ್ರಶ್ನಿಸಲು ಅವಕಾಶವಿರಲಿ. ಪ್ರತಿ ದಿನದ ಹೇಳಿಕೆಯ ಕೆಳಗೆ ಎಲ್ಲರ ಸಹಿ ಹಾಕಿಸಿ.

ನಾಲೆಗೆ ನೀರು ಬಿಟ್ಟರೆ ನಾಟಿ, ಆಮೇಲೆ ಕೊಯ್ಲು: ಮಂಡ್ಯದಲ್ಲಿ ಇವು ಪ್ರತಿ ವರ್ಷ ಬರುತ್ತವೆ. ಆ ವಾರಗಳಿಗೆ ಯಾರು ಯಾವಾಗ ಹೋಗುತ್ತಾರೆಂದು ಒಂದು ತಿಂಗಳು ಮೊದಲೇ ಹೆಸರು ಬರೆಸಿಕೊಂಡು, ಸರದಿಯಂತೆ ರಜೆ ಕೊಡಿ.