ಜೋಳದ ರೊಟ್ಟಿಯ ಊಟಕ್ಕೆ ಯಾವ ಕೆಂಪು ವೈನ್?

ಪ್ರಶ್ನೆ: ಶನಿವಾರ ರಾತ್ರಿ ಊಟದ ಜೊತೆ ನಾವು ದಂಪತಿ ಒಂದೊಂದು ಲೋಟ ಕೆಂಪು ವೈನ್ ಕುಡಿಯುತ್ತೇವೆ. ಅಂಗಡಿಯವರು ಕೊಟ್ಟ ಕ್ಯಾಬರ್ನೆ ಸೊವಿನ್ಯೋನ್, ಎಣಗಾಯಿ ಮತ್ತು ಶೇಂಗಾ ಹಿಂಡಿಯ ಜೊತೆ ಕಹಿ ಎನಿಸಿತು, ಬಾಯಿಯೂ ಉರಿಯಿತು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಮ್ಮ ಊಟಕ್ಕೆ ಹೊಂದುವ ವೈನ್ ಇದೆಯೇ? (ಕಲಬುರಗಿಯ ಓದುಗರು)

ಉತ್ತರ: ಇದೆ. ಕ್ಯಾಬರ್ನೆ ಸೊವಿನ್ಯೋನ್ ದಪ್ಪ ಸಿಪ್ಪೆಯ ಸಣ್ಣ ದ್ರಾಕ್ಷಿ. ಅದರ ಸಿಪ್ಪೆ ಮತ್ತು ಬೀಜದಿಂದ ರಸಕ್ಕೆ ಇಳಿಯುವ ಟ್ಯಾನಿನ್, ನೇರಳೆಹಣ್ಣು ತಿಂದಾಗ ನಾಲಿಗೆಯನ್ನು ಹಿಡಿಯುವಂಥ ಒಗರನ್ನು ವೈನಿಗೆ ಕೊಡುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯಿಂದ ಮೊದಲೇ ಉರಿಯುತ್ತಿರುವ ಬಾಯಿಗೆ ಈ ಒಗರೂ ಶೇ. 13-14ರಷ್ಟಿರುವ ಆಲ್ಕೋಹಾಲೂ ಒಟ್ಟಿಗೆ ಬಿದ್ದರೆ ಉರಿ ಏರುತ್ತದೆ, ಹಣ್ಣಿನ ರುಚಿ ಅಡಗುತ್ತದೆ, ಕಹಿ ಮುಂದಾಗುತ್ತದೆ. ಎಣಗಾಯಿಗೆ ಖಾರ ಕಡಿಮೆ ಹಾಕಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ವೈನನ್ನೇ ಬದಲಿಸೋಣ.

ನಿಮಗೆ ಬೇಕಾದದ್ದು ಒಗರು ಕಡಿಮೆ ಇರುವ, ಓಕ್ ಪೀಪಾಯಿಯಲ್ಲಿ ಬಹುಕಾಲ ಇರಿಸದ, ಲೇಬಲ್ಲಿನ ಮೇಲೆ ಇತ್ತೀಚಿನ ವರ್ಷವಿರುವ ವೈನ್. ನಾಸಿಕದ ಸುಲಾ ಕಂಪನಿಯ ಕೆಂಪು ಜಿನ್‌ಫಾಂಡೆಲ್ ಮೃದುವಾಗಿದ್ದು, ಖಾರದೆದುರು ತನ್ನ ಹಣ್ಣಿನ ರುಚಿಯನ್ನು ಬಿಟ್ಟುಕೊಡುವುದಿಲ್ಲ. ಪುಂಡಿಪಲ್ಯ ಮಾಡಿದ ದಿನ ಮಾತ್ರ ನನ್ನ ಆಯ್ಕೆ ಫ್ರಾಟೆಲ್ಲಿಯ ಸಾಂಜೊವೆಸೆ. ಇಟಲಿ ಮೂಲದ ಈ ದ್ರಾಕ್ಷಿಗೆ ಸಹಜವಾಗಿಯೇ ಹುಳಿ ಹೆಚ್ಚು, ಪುಂಡಿಯ ಹುಳಿಯ ಮುಂದೆ ಹುಳಿಯಿಲ್ಲದ ವೈನ್ ಸಪ್ಪೆಯಾಗಿಬಿಡುತ್ತದೆ. ಫ್ರಾಟೆಲ್ಲಿಯ ತೋಟಗಳಿರುವುದು ನಮ್ಮ ಜಿಲ್ಲೆಗೆ ತಾಗಿಕೊಂಡಿರುವ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ; ಅಷ್ಟು ಹತ್ತಿರದ ವೈನನ್ನು ನಮ್ಮವರು ಕೇಳಿ ಕೊಳ್ಳುವುದು ಕಡಿಮೆ ಎಂಬುದು ನನಗೆ ಸೋಜಿಗ. ಬೆಲೆ ಅಬಕಾರಿ ಸುಂಕದೊಂದಿಗೆ ಏರಿಳಿಯುವುದರಿಂದ ಬಾಟಲಿಯ ಮೇಲೆ ಮುದ್ರಿಸಿದ ದರವನ್ನು ನೋಡಿಯೇ ಹಣ ಕೊಡಿ. ಶೇಂಗಾ ಹಿಂಡಿಯನ್ನು ಗಟ್ಟಿ ಮೊಸರಿನಲ್ಲಿ ಕಲಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಮೊಸರಿನ ಪ್ರೋಟೀನ್ ಖಾರವನ್ನೂ ಒಗರನ್ನೂ ತಗ್ಗಿಸುತ್ತದೆ.

ವೈನಿನ ಹೆಸರಿಗಿಂತಲೂ ನಮ್ಮ ಊರಿನಲ್ಲಿ ಮುಖ್ಯವಾದದ್ದು ಅದರ ಉಷ್ಣತೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಂದ ಬಂದದ್ದು. ಅಲ್ಲಿ ಕೋಣೆ ಎಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಆ ಮಾತನ್ನು ಪಾಲಿಸಿದರೆ ಲೋಟದಿಂದ ಮೊದಲು ಮೂಗಿಗೆ ಬಡಿಯುವುದು ಆಲ್ಕೋಹಾಲಿನ ಘಾಟು. ಊಟಕ್ಕೆ ಒಂದೂವರೆ ಗಂಟೆ ಮೊದಲು ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ. ಮರೆತಿದ್ದರೆ ಐಸ್ ಮತ್ತು ನೀರು ತುಂಬಿದ ಬಕೆಟ್‌ನಲ್ಲಿ ಇಪ್ಪತ್ತು ನಿಮಿಷ ಸಾಕು. ನಿಮ್ಮ ಕ್ಯಾಬರ್ನೆಯನ್ನೇ ಹೀಗೆ ತಂಪಾಗಿಸಿ ಕುಡಿದಿದ್ದರೆ ಅಷ್ಟು ಉರಿ ಎನಿಸುತ್ತಿರಲಿಲ್ಲವೇನೋ. ಆದರೆ ಅತಿಯಾಗಿ ತಂಪಾದರೆ ಒಗರು ಮತ್ತೆ ಎದ್ದು ಕಾಣುತ್ತದೆ, ಅದನ್ನೂ ನೆನಪಿಡಿ.

ಕೊಳ್ಳುವಾಗಲೂ ಬಿಸಿಲಿನ ಲೆಕ್ಕ ಬೇಕು. ಗಾಜಿನ ಷೋಕೇಸಿನಲ್ಲಿ ಬಿಸಿಲಿಗೆ ನಿಂತ ಬಾಟಲಿಯನ್ನು ಬಿಟ್ಟು ಒಳಗಿನ ಕಪಾಟಿನದನ್ನು ಕೇಳಿ. ಕಾರ್ಕ್ ಇರುವ ಬಾಟಲಿಯಾದರೆ ಮೇಲಿನ ಹಾಳೆಯ ಮೇಲೆ ಹೆಬ್ಬೆರಳಾಡಿಸಿ ನೋಡಿ: ಕಾರ್ಕ್ ಉಬ್ಬಿ ತಾಗಿದರೆ, ಅಥವಾ ಕತ್ತಿನ ಬಳಿ ಅಂಟಂಟಾಗಿದ್ದರೆ ಆ ವೈನ್ ಸೆಕೆಗೆ ಬೆಂದಿದೆ. ಮನೆಯಲ್ಲಿ ಅಡುಗೆಮನೆಯ ಅಟ್ಟದ ಮೇಲಲ್ಲ, ಕತ್ತಲಿರುವ ಕೋಣೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡಿ. ಬೇಸಿಗೆಯಲ್ಲಿ ಅದೂ ಸಾಲದು, ಫ್ರಿಜ್ಜೇ ಗತಿ.

ಪ್ರಶ್ನೆ: ಮನೆಗೆ ಅತಿಥಿಗಳು ಬರುತ್ತಾರೆ, ಮಟನ್ ಬಿರಿಯಾನಿ ಮತ್ತು ನಿಹಾರಿ ಮಾಡುತ್ತೇವೆ. ವಿದೇಶಿ ವೈನ್ ತರುವುದೇ ಮೇಲೆ? (ಬೀದರ್)

ಉತ್ತರ: ಅಗತ್ಯವಿಲ್ಲ. ಬಹುಕಾಲ ಶೇ. 150ರಷ್ಟಿದ್ದ ಆಮದು ಸುಂಕದಿಂದಾಗಿ ವಿದೇಶಿ ಬಾಟಲಿಗೆ ನಾವು ಕೊಟ್ಟ ಹಣದಲ್ಲಿ ದೊಡ್ಡ ಪಾಲು ತೆರಿಗೆಗೇ ಹೋಗುತ್ತ ಬಂದಿದೆ. ಮೇಲಿನ ಪ್ರಶ್ನೆಯಲ್ಲಿ ಸೋತ ಕ್ಯಾಬರ್ನೆ ನಿಮ್ಮ ಊಟದಲ್ಲಿ ಗೆಲ್ಲುತ್ತದೆ, ಮಾಂಸದ ಪ್ರೋಟೀನ್ ಮತ್ತು ಕೊಬ್ಬು ಟ್ಯಾನಿನನ್ನು ಹಿಡಿದು ಒಗರನ್ನು ಮೆತ್ತಗೆ ಮಾಡುತ್ತವೆ. ನಂದಿಬೆಟ್ಟದ ಸೀಮೆಯಲ್ಲಿ ಗ್ರೋವರ್ ಕಂಪನಿ ತಯಾರಿಸುವ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಝ್ ಬೆರೆಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ ವೈನ್. ದರ ಸ್ವಲ್ಪ ಮೇಲಾದರೂ ನಿಹಾರಿಯ ಎದುರು ನಿಲ್ಲಬಲ್ಲದು. ಬಿರಿಯಾನಿಗೆ ಬರೀ ಶಿರಾಝ್ ಸಾಕು, ಅದರ ಕಾಳುಮೆಣಸಿನ ಘಮ ಮಸಾಲೆಯೊಂದಿಗೆ ಕೂಡಿಕೊಳ್ಳುತ್ತದೆ. 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಲೋಟ ಬರುತ್ತವೆ ಎಂಬ ಅಂದಾಜಿನಲ್ಲಿ ತನ್ನಿ. ವಾಹನ ಓಡಿಸುವವರಿಗೆ ಸುರಿಯಬೇಡಿ.

ಪ್ರಶ್ನೆ: ಅಗ್ಗದ ಪೋರ್ಟ್ ವೈನ್ ಊಟಕ್ಕೆ ಆಗುತ್ತದೆಯೇ? (ಬಸವಕಲ್ಯಾಣ)

ಉತ್ತರ: ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು, ರಸ ಹುದುಗುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಅದರ ಸಿಹಿಯನ್ನು ಉಳಿಸುತ್ತಾರೆ. ನಮ್ಮಲ್ಲಿ ಆ ಹೆಸರಿನಿಂದ ಮಾರಾಟವಾಗುವ ಅಗ್ಗದ ಸಿಹಿ ವೈನ್ ಬೇರೆಯೇ ವಸ್ತು. ಸಿಹಿ ಖಾರವನ್ನು ತಣಿಸುವುದು ನಿಜವಾದರೂ ರೊಟ್ಟಿ ಊಟದುದ್ದಕ್ಕೂ ಅದನ್ನು ಕುಡಿದರೆ ಬಾಯಿ ಜಡ್ಡಾಗುತ್ತದೆ. ಕೊನೆಗೆ ಶೇಂಗಾ ಹೋಳಿಗೆಯ ಜೊತೆ ಸಣ್ಣ ಲೋಟದಲ್ಲಿ ಕೊಟ್ಟು ನೋಡಿ.

ಪ್ರಶ್ನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ, ನಿಜವೇ? ತೆರೆದ ಬಾಟಲಿ ಎಷ್ಟು ದಿನ ಇರುತ್ತದೆ? (ಯಾದಗಿರಿ)

ಉತ್ತರ: ಆರೋಗ್ಯಕ್ಕಾಗಿ ಕುಡಿಯಲು ಆರಂಭಿಸಬೇಡಿ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಆಲ್ಕೋಹಾಲಿನ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಕರೆಂಟು ಹೋಗಿ ಬರುವ ದಿನಗಳಲ್ಲಿ ಎರಡೇ ಎಂದುಕೊಳ್ಳಿ. ಇಬ್ಬರೇ ಇರುವ ಮನೆಗೆ 375 ಮಿ.ಲೀ. ಬಾಟಲಿ ಸಿಕ್ಕರೆ ಅದೇ ಲೇಸು. ರುಚಿ ಇಳಿದ ವೈನನ್ನು ಮಟನ್ ಸಾರಿಗೆ ಸುರಿದು ಕುದಿಸಬಹುದು, ವಿನೆಗರ್ ವಾಸನೆ ಬಂದಿದ್ದರೆ ಚೆಲ್ಲಿಬಿಡಿ.